ಕತೆಗಾರ ಎಲ್ಲಿ ನಿಂತು ಹೇಳುತ್ತಾನೆ?

ಕತೆಗಾರರೊಬ್ಬರ ಮೊದಲ ಸಂಕಲನವನ್ನೂ ಇಪ್ಪತ್ತು ವರ್ಷದ ಮೇಲೆ ಬಂದ ಸಂಕಲನವನ್ನೂ ಜೊತೆಗಿಟ್ಟು ಓದುವವರು ಹೆಚ್ಚಾಗಿ ವಸ್ತು ಎಷ್ಟು ಬದಲಾಗಿದೆ ಎಂದು ಹುಡುಕುತ್ತಾರೆ. ವಸ್ತು ಅಷ್ಟೇನೂ ಬದಲಾಗಿರುವುದಿಲ್ಲ. ಊರು, ತಾಯಿ, ಹೊಲದ ಪಾಲು ಕೊನೆತನಕ ಬರುತ್ತಲೇ ಇರುತ್ತವೆ. ಬದಲಾಗುವುದು ನಿರೂಪಕನಿಗೂ ಪಾತ್ರಕ್ಕೂ ನಡುವಿನ ಅಂತರ.

ಬಾಗಲಕೋಟೆಯ ಮುಳುಗಡೆಯನ್ನೇ ತೆಗೆದುಕೊಳ್ಳೋಣ. ಆಲಮಟ್ಟಿ ಜಲಾಶಯದ ಪೂರ್ಣಮಟ್ಟ 519.6 ಮೀಟರ್. ಹಿನ್ನೀರಿಗೆ ಹಳೇ ಊರಿನ ತಗ್ಗಿನ ಮನೆಗಳು ಹೋದವು, ಜನ ನವನಗರಕ್ಕೆ ಬಂದರು. ಇದನ್ನು ಹೊಸ ಕತೆಗಾರ ಹೀಗೆ ಬರೆಯುತ್ತಾನೆ: ‘ಹುಟ್ಟಿ ಬೆಳೆದ ಮನೆ ಮುಳುಗುತ್ತದೆ ಎಂದು ಗಂಗವ್ವನಿಗೆ ಬಹಳ ದುಃಖವಾಯಿತು.’ ದುಃಖವಾದದ್ದನ್ನು ಹೇಳಿದವನು ನಿರೂಪಕ. ಗಂಗವ್ವ ಇನ್ನೂ ಬಾಯಿ ಬಿಟ್ಟಿಲ್ಲ.

ಕೈ ಪಳಗಿದ ಮೇಲೆ ಅದೇ ಸಂದರ್ಭ ಹೀಗಾಗುತ್ತದೆ: ‘ಗಂಗವ್ವ ಚಿಲಕ ಹಾಕಿ ಮತ್ತೆ ತೆಗೆದಳು. ನೀರು ಇಲ್ಲಿತನಕ ಹೆಂಗ ಬರ್ತದ? ಅಪ್ಪ ಇದ್ದಾಗ ಹೊಳಿ ಬಂದರೂ ಈ ಕಟ್ಟಿ ಹತ್ತಿರಲಿಲ್ಲ.’ ಇಲ್ಲಿ ‘ಎಂದುಕೊಂಡಳು’ ಬಿದ್ದುಹೋಗಿದೆ. ‘ಅವಳ ಅಪ್ಪ’ ಬರೀ ‘ಅಪ್ಪ’ ಆಗಿದ್ದಾನೆ. ಈ ಎರಡು ಸಣ್ಣ ಕಡಿತಗಳಿಂದಲೇ ಓದುಗ ಹೊಸ್ತಿಲು ದಾಟಿ ಒಳಗೆ ಬಂದಿದ್ದಾನೆ.

ಎಡವುವುದೂ ಇಲ್ಲೇ. ಪುಟವೆಲ್ಲ ಗ್ರಂಥಭಾಷೆಯಲ್ಲಿ ನಡೆದು, ನಡುವೆ ಒಂದು ಸಾಲು ಮನೆಮಾತಿನಲ್ಲಿ ಬಂದರೆ ಅದು ಯಾರ ಮಾತು ಎಂದು ಓದುಗ ತಡವರಿಸುತ್ತಾನೆ. ಹಾಗಾಗದಂತೆ ಆ ಸಾಲಿಗೆ ಮೊದಲು ಪಾತ್ರದ ಕೈಗೆ ಒಂದು ಕೆಲಸ ಕೊಡಬೇಕು, ಅಥವಾ ಅದರ ಕಣ್ಣಿಗೆ ಏನಾದರೂ ಬೀಳಬೇಕು. ಚಿಲಕ ಬಂದದ್ದು ಅದಕ್ಕೇ. ಒಳಗಿನ ಮಾತು ಎರಡು–ಮೂರು ವಾಕ್ಯ ದಾಟಿದರೆ ಬೇಸರ. ಸರ್ವನಾಮದ ಮೇಲೂ ಕಣ್ಣಿರಲಿ: ‘ತಾನು ಹೋಗಬಾರದಿತ್ತು’ ಅಂದರೆ ನಾವು ಅವಳೊಳಗಿದ್ದೇವೆ, ‘ಅವಳು ಹೋಗಬಾರದಿತ್ತು’ ಅಂದರೆ ಓಣಿಯಲ್ಲಿ ನಿಂತು ತೀರ್ಪು ಕೊಡುತ್ತಿದ್ದೇವೆ. ಒಂದೇ ಪ್ಯಾರಾದಲ್ಲಿ ಎರಡೂ ಬೆರೆತರೆ ಕತೆ ಹದಗೆಡುತ್ತದೆ. ಗೌರವದ ಪ್ರತ್ಯಯವೂ ಹೀಗೇ. ಮೊದಲ ಸಂಕಲನದಲ್ಲಿ ಹೆಡ್‌ಮಾಸ್ತರರು ‘ಬಂದರು’, ಕೂಲಿಯವ ‘ಬಂದ’. ಪ್ರೌಢ ಸಂಕಲನದಲ್ಲಿ ಮಾಸ್ತರನೂ ‘ಬಂದ’ ಆಗಿರಬಹುದು, ಅಥವಾ ಕೂಲಿಯವನ ಕಣ್ಣಿಂದ ಹೇಳುವಾಗ ಮಾತ್ರ ‘ಬಂದರು’ ಉಳಿದಿರಬಹುದು.

ಮೂರನೆಯ ಹಂತದಲ್ಲಿ ಕತೆಗಾರ ಮನಸ್ಸಿನಿಂದಲೂ ಹೊರಬರುತ್ತಾನೆ. ಈಗ ಗಂಗವ್ವನ ಮನೆ ಸರ್ವೇದವರ ಪಟ್ಟಿಯಲ್ಲಿದೆ: ಮೂರು ಅಂಕಣ, ಎರಡು ಬಾಗಿಲು, ಮಣ್ಣಿನ ಮಾಳಿಗೆ. ಕಾಳು ತುಂಬಿಡುವ ನೆಲಗುಳಿ, ಹಗೇವು ಎಂಬ ಕಲಮು ಪಟ್ಟಿಯಲ್ಲಿಲ್ಲ. ‘ಅದನ್ನೂ ಬರಕೋರಿ’ ಎಂದು ಅವಳು ಒಂದೇ ಮಾತು ಆಡುತ್ತಾಳೆ. ಮೊದಲ ಹಂತದಲ್ಲೂ ನಿರೂಪಕ ಹೊರಗಿದ್ದ, ಇಲ್ಲೂ ಹೊರಗಿದ್ದಾನೆ. ಆಗ ಎಲ್ಲವನ್ನೂ ವಿವರಿಸುತ್ತಿದ್ದವನು ಈಗ ಯಾವುದನ್ನೂ ವಿವರಿಸುವುದಿಲ್ಲ. ಮಧ್ಯದ ಹಂತ ದಾಟದೆ ನೇರ ಇಲ್ಲಿಗೆ ಜಿಗಿದವರ ಕತೆ ಬರೀ ವರದಿಯಾಗುತ್ತದೆ. ಯಾವ ವಸ್ತುವಿಗೆ ಅವಳ ಜೀವ ಹತ್ತಿಕೊಂಡಿದೆ ಎಂಬುದು ಬರೆಯುವವನಿಗೇ ಗೊತ್ತಿರದಿದ್ದರೆ ಹಗೇವಿನ ಬದಲು ಕಿಟಕಿ ಬಂದೀತು.

ಹಳೆಯದು ಸರಳ, ಹೊಸದು ಸಂಕೀರ್ಣ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಮಾಸ್ತಿಯವರ ‘ರಂಗನ ಮದುವೆ’ಯ ಶ್ಯಾಮ ಎದುರು ಕೂತವರಿಗೆ ಹೇಳುವ ಹಾಗೆ ಹೇಳುತ್ತಾನೆ. ಕನ್ನಡ ಸಣ್ಣಕತೆಯ ಮೊದಲ ದಿನಗಳ ಆ ಮಾತುಗಾರನ ಬಳಿಗೆ ಎಷ್ಟೋ ಕತೆಗಾರರು ಹರಟೆಯ ಧಾಟಿ ಹಿಡಿದು ವಾಪಸು ಬಂದಿದ್ದಾರೆ.

ಆಡುಮಾತಿನ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ಕಡೆಯವರ ಆರಂಭದ ತಪ್ಪು ಒಂದೇ ಬಗೆಯದು: ಮುದುಕಿ, ಆಳು, ಕುರುಬ ಮಾತ್ರ ಮನೆಮಾತು ಆಡುತ್ತಾರೆ, ವಕೀಲರು ಪಠ್ಯಪುಸ್ತಕದ ಕನ್ನಡ ಆಡುತ್ತಾರೆ. ಬೆಳಗಾವಿಯ ಕೋರ್ಟಿನ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತರೆ ಇದು ಸುಳ್ಳೆಂದು ತಿಳಿಯುತ್ತದೆ. ಕನ್ನಡ, ಮರಾಠಿ, ಇಂಗ್ಲಿಷ್ ಒಂದೇ ವಾಕ್ಯದಲ್ಲಿ ಹಾಯ್ದುಹೋಗುತ್ತವೆ. ಮುಂದೆ ಕೆಲವರು ನಿರೂಪಣೆಯನ್ನೇ ಮನೆಮಾತಿಗೆ ತರುತ್ತಾರೆ. ಆಗ ಪ್ರತಿ ಉಚ್ಚಾರವನ್ನೂ ಅಕ್ಷರಕ್ಕಿಳಿಸುವ ಚಪಲ ಬೇಡ. ಕ್ರಿಯಾಪದದ ಕೊನೆ, ‘ರೀ’, ‘ನೋಡು’ ಇಷ್ಟು ಹಿಡಿದು ಉಳಿದ ಕಾಗುಣಿತ ಮಾಮೂಲಾಗಿ ಇಟ್ಟರೆ ಮೈಸೂರಿನವನೂ ಓದುತ್ತಾನೆ. ಒಂದು ಕಡೆ ‘ಬರ್ತದ’, ಇನ್ನೊಂದು ಕಡೆ ‘ಬರತೈತಿ’ ಒಬ್ಬರ ಬಾಯಲ್ಲೇ ಬಂದರೆ ಕೇಳುವ ಕಿವಿ ತಕ್ಷಣ ಹಿಡಿಯುತ್ತದೆ.

ಎಲ್ಲ ಬದಲಾವಣೆಯೂ ಬೆಳವಣಿಗೆಯಲ್ಲ. ಪತ್ರಿಕೆಯ ಪುರವಣಿ ಕೊಡುವ ಜಾಗವೇ ಚಿಕ್ಕದು. ಅಲ್ಲಿ ಬರೆದೂ ಬರೆದೂ ಕತೆ ಒಂದೇ ದೃಶ್ಯಕ್ಕೆ ಕುಗ್ಗುತ್ತದೆ. ದೀಪಾವಳಿ ವಿಶೇಷಾಂಕ ಸಿಕ್ಕರೆ ನೀಳ್ಗತೆಯಾಗಿ ಚಾಚುತ್ತದೆ. ವಿಮರ್ಶಕರು ಇದನ್ನೇ ಶೈಲಿಯ ತಿರುವು ಅನ್ನುವುದುಂಟು! ಇನ್ನೊಂದು, ರೂಢಿ. ಒಬ್ಬರ ಹತ್ತು ಕತೆಗಳ ಕೊನೆಯ ಪ್ಯಾರಾ ಮಾತ್ರ ಒಂದಾದ ಮೇಲೊಂದು ಓದಿ. ಆರರಲ್ಲಿ ಮಳೆ ಬಂದರೆ ಅಥವಾ ಬಸ್ಸು ಹೊರಟರೆ ಅದು ತಂತ್ರವಲ್ಲ, ಚಟ. ಆ ಪ್ಯಾರಾ ತೆಗೆದರೆ ಬಹಳ ಸಲ ಕತೆ ಅದರ ಹಿಂದಿನ ಸಾಲಿಗೇ ಮುಗಿದಿರುತ್ತದೆ.

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಹುಟ್ಟಿದ ರಾಘವೇಂದ್ರ ಖಾಸನೀಸರಂತೆ ಕೆಲವೇ ಕತೆ ಬರೆದವರನ್ನು ಸಂಕಲನ ಹೋಲಿಸಿ ಓದಿದರೆ ಹೆಚ್ಚೇನೂ ಸಿಗದು; ಕತೆಕತೆಯನ್ನೇ ಎದುರುಬದುರು ಇಡಬೇಕು. ಹೆಚ್ಚು ಬರೆದವರಲ್ಲಿ ಎಚ್ಚರ ಬೇರೆ. ಸಂಕಲನದ ವರ್ಷವೇ ಕತೆ ಬರೆದ ವರ್ಷವಲ್ಲ, ಹಳೆಯ ಕತೆ ಎಷ್ಟೋ ಸಲ ಹೊಸ ಪುಸ್ತಕ ಸೇರಿರುತ್ತದೆ. ‘ಸಮಗ್ರ ಕತೆಗಳು’ ಬರುವಾಗ ಲೇಖಕರು ಹಳೆಯ ವಾಕ್ಯ ತಿದ್ದುವುದೂ ಉಂಟು. ಹಾಗಾಗಿ ಗ್ರಂಥಾಲಯದಲ್ಲಿ ದಪ್ಪ ಸಂಪುಟ ಬಿಟ್ಟು ಮೊದಲ ಮುದ್ರಣವನ್ನೇ ಕೇಳಿ ತೆಗೆಸಿಕೊಳ್ಳಿ.