ಬ್ಯಾರೆಲ್ ಒಂದನ್ನು ಬದಲಿಸಿದ್ರೆ ಸಾಕಾ?

ಪ್ರಶ್ನೆ: "ನನ್ನ ಹತ್ತಿರ ಗ್ಲಾಕ್ 22 ಇದೆ, .40 ಕ್ಯಾಲಿಬರ್. 9 ಎಂಎಂ ಅಗ್ಗವಾಗಿ ಸಿಗುತ್ತೆ. ಬ್ಯಾರೆಲ್ ಬದಲಿಸಿದ್ರೆ ಅದನ್ನೇ ಹಾರಿಸಬಹುದಾ?"

ಅಮೆರಿಕದಲ್ಲಿ ಹೊಸದಾಗಿ ಶೂಟಿಂಗ್ ರೇಂಜಿಗೆ ಹೋಗಲು ಶುರು ಮಾಡಿದ ಕನ್ನಡದ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆ ಇದು. ನಿಮ್ಮ ಪಿಸ್ತೂಲಿಗೆ ಆಗುತ್ತೆ. (.40 ಅಂದ್ರೆ ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ, 9 ಎಂಎಂಗಿಂತ ದೊಡ್ಡದು. ಸ್ಲೈಡ್ ಅಂದ್ರೆ ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಸರಿಯುವ ಭಾಗ.) .40 ಸ್ಲೈಡಿಗೆಂದೇ ಮಾಡಿದ 9 ಎಂಎಂ ಕನ್ವರ್ಷನ್ ಬ್ಯಾರೆಲ್ ಅಂಗಡಿಯಲ್ಲಿ ಸಿಗುತ್ತೆ. ಜೊತೆಗೆ 9 ಎಂಎಂ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತಗೊಳ್ಳಿ. ಗೆಳೆಯರ 9 ಎಂಎಂ ಗ್ಲಾಕ್ 17ರ ಬ್ಯಾರೆಲ್ ತಂದು ತೂರಿಸಬೇಡಿ. ಅದರ ಹೊರಮೈಯೇ ಸಣ್ಣ, ನಿಮ್ಮ ಸ್ಲೈಡಿನಲ್ಲಿ ಅಲ್ಲಾಡುತ್ತೆ.

ಇಷ್ಟು ಹೇಳಿದ ಕೂಡಲೇ ಮುಂದಿನ ಮಾತು ಬರುತ್ತೆ: "ಹಾಗಾದ್ರೆ ಮನೆಯವರ 9 ಎಂಎಂ ಪಿಸ್ತೂಲಿಗೆ .40 ಬ್ಯಾರೆಲ್ ಹಾಕಿದ್ರಾಯ್ತು, ಅಲ್ವಾ?"

ಇಲ್ಲ, ಆಗಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುವುದೇ ಇಲ್ಲ. ಎಲ್ಲರೂ ನೋಡುವುದು ಬ್ಯಾರೆಲ್ಲಿನ ತೂತನ್ನು. ನೋಡಬೇಕಾದ್ದು ಕಾರ್ಟ್ರಿಜ್ಜಿನ (ಗುಂಡು, ಮದ್ದು, ಹಿತ್ತಾಳೆ ಕೇಸು ಸೇರಿದ ತೋಟಾ) ತಳವನ್ನು.

ಗುಂಡು ಹಾರಿದ ಮೇಲೆ ಉಳಿಯುವ ಎರಡು ಖಾಲಿ ಕೇಸು ತಂದು ಟೇಬಲ್ ಮೇಲೆ ಬೋರಲು ನಿಲ್ಲಿಸಿ, ಮೇಲಿಂದ ನೋಡಿ. 9 ಎಂಎಂ ಕೇಸಿನ ತಳ ಸುಮಾರು 9.96 ಮಿ.ಮೀ., .40ರದ್ದು 10.77. ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಆದರೆ ಸ್ಲೈಡಿನ ಒಳಮುಖದಲ್ಲಿ ಈ ತಳ ಬಂದು ಕೂರುವ ಜಾಗವನ್ನು ಅಳತೆಗೆ ಸರಿಯಾಗಿ ಕೊರೆದಿರುತ್ತಾರೆ. .40ರ ಜಾಗದಲ್ಲಿ 9 ಎಂಎಂ ತಳ ಸ್ವಲ್ಪ ಸಡಿಲವಾಗಿ ಕೂರುತ್ತೆ, ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಅದನ್ನು ಹೇಗೋ ಹಿಡಿಯುತ್ತೆ. 9 ಎಂಎಂ ಜಾಗದಲ್ಲಿ .40ರ ತಳ ಕೂರುವುದೇ ಇಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಬರಬಹುದು, ಚಿಕ್ಕದರಿಂದ ದೊಡ್ಡದಕ್ಕೆ ಹೋಗೋಕಾಗಲ್ಲ.

ಇನ್ನೂ ನಂಬಿಕೆ ಬರದಿದ್ದರೆ .357 ಸಿಗ್ ನೋಡಿ. 1994ರಲ್ಲಿ ಬಂದ ಕಾರ್ಟ್ರಿಜ್ ಅದು. ಅದರ ಗುಂಡಿನ ದಪ್ಪ 9 ಎಂಎಂ ಗುಂಡಿನಷ್ಟೇ. ಆದರೂ ನಿಮ್ಮ .40 ಪಿಸ್ತೂಲಿಗೆ .357 ಸಿಗ್ ಬ್ಯಾರೆಲ್ ಹಾಕಿದರೆ ಕೆಲಸ ಮುಗಿಯಿತು, ಮ್ಯಾಗಜೀನ್ ಕೂಡ ಹಳೆಯದೇ ನಡೆಯುತ್ತೆ. ಯಾಕಂದ್ರೆ ಅದರ ಕೇಸಿಗೆ ಕತ್ತು ಮಾತ್ರ ಸಣ್ಣ, ತಳ .40ರದ್ದೇ. ಗುಂಡಿನ ದಪ್ಪ ಒಂದೇ ಇರುವ ಎರಡು ಕಾರ್ಟ್ರಿಜ್‌ಗಳಲ್ಲಿ ಒಂದಕ್ಕೆ ಮ್ಯಾಗಜೀನ್ ಬದಲಾಗಬೇಕು, ಇನ್ನೊಂದಕ್ಕೆ ಬೇಡ. ಈ ಒಂದು ಉದಾಹರಣೆ ಅರ್ಥವಾದರೆ ಮಿಕ್ಕಿದ್ದೆಲ್ಲ ನೀವೇ ಲೆಕ್ಕ ಹಾಕಬಹುದು.

ಇದೇ ನಂಬಿಕೆಯ ಇನ್ನೊಂದು ಕೆಟ್ಟ ರೂಪ ಇದೆ: "9 ಎಂಎಂ ಚಿಕ್ಕದು ತಾನೇ, .40 ಚೇಂಬರಿಗೆ ಸಲೀಸಾಗಿ ಹೋಗುತ್ತೆ, ಬ್ಯಾರೆಲ್ ಕೂಡ ಬದಲಿಸೋದು ಬೇಡ." (ಚೇಂಬರ್ ಅಂದ್ರೆ ಬ್ಯಾರೆಲ್ಲಿನ ಹಿಂತುದಿಯಲ್ಲಿ ಕಾರ್ಟ್ರಿಜ್ ಕೂರುವ ಜಾಗ.) ಪಕ್ಕದ ಲೇನಿನಲ್ಲಿ ಒಬ್ಬರು ಗೊತ್ತಿಲ್ಲದೆ ಹಾಗೆ ಹಾರಿಸಿದ್ದರು. ಹೊರಬಿದ್ದ ಕೇಸನ್ನು ಎತ್ತಿಕೊಂಡೆ. ಒಂದು ಪಕ್ಕ ಉದ್ದಕ್ಕೂ ಸೀಳಿ, ಬಿರಿದ ಕಡಲೆಕಾಯಿ ಸಿಪ್ಪೆ ಥರ ಬಾಯಿ ಬಿಟ್ಟಿತ್ತು. ಸುತ್ತ ಒತ್ತಿ ಹಿಡಿಯುವ ಚೇಂಬರ್ ಗೋಡೆ ಇಲ್ಲದಿದ್ದರೆ ಹಿತ್ತಾಳೆ ಆ ಒತ್ತಡ ತಡೆಯಲ್ಲ. ಅವರ ಕೈಗೆ ಏನೂ ಆಗಲಿಲ್ಲ, ಪುಣ್ಯ. ದಯವಿಟ್ಟು ಇದನ್ನು ಮಾಡಬೇಡಿ.

.22 ಕಿಟ್ (ಅದೇ ಪಿಸ್ತೂಲಿನಲ್ಲಿ ಪುಟ್ಟ .22 ಗುಂಡು ಹಾರಿಸಲು ಸಿಗುವ ಬದಲಿ ಸೆಟ್) ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದಕ್ಕೆ ಇಡೀ ಸ್ಲೈಡೇ ಬದಲಾಗುತ್ತೆ. ಕಾರಣ ಎರಡು. .22 ಹೊಡೆತ ತೀರಾ ಮೆತ್ತಗೆ, ಭಾರದ ಉಕ್ಕಿನ ಸ್ಲೈಡನ್ನು ಅದು ಹಿಂದಕ್ಕೆ ತಳ್ಳಲಾರದು. ಅದಕ್ಕೇ ಈಗಿನ ಬಹಳಷ್ಟು ಕಿಟ್‌ಗಳಲ್ಲಿ ಅಲ್ಯೂಮಿನಿಯಂ ಸ್ಲೈಡ್ ಇರುತ್ತೆ. ಇನ್ನೊಂದು, .22ರಲ್ಲಿ ಫೈರಿಂಗ್ ಪಿನ್ ತಳದ ಅಂಚಿಗೆ ಬಡಿಯಬೇಕು, ನಡುವಿಗಲ್ಲ. 1930ರ ದಶಕದಲ್ಲಿ ಕೋಲ್ಟ್ ಕಂಪನಿ ತನ್ನ ಸರ್ವಿಸ್ ಏಸ್ .22 ಪಿಸ್ತೂಲಿಗೆ ಬೇರೆಯದೇ ದಾರಿ ಹಿಡಿಯಿತು. ಡೇವಿಡ್ ಮಾರ್ಷಲ್ ವಿಲಿಯಮ್ಸ್ ಎಂಬವರು ಚೇಂಬರನ್ನೇ ಹಿಂದಕ್ಕೆ ಸರಿಯುವ ಬಿಡಿಭಾಗ ಮಾಡಿ, ಪುಟ್ಟ .22 ಕೂಡ ಭಾರದ ಸ್ಲೈಡನ್ನು ತಳ್ಳುವ ಹಾಗೆ ಮಾಡಿದರು. ಎಂಥ ಚೆಂದದ ಯೋಚನೆ!

ಊರಲ್ಲಿರುವವರಿಗೆ ಒಂದು ಮಾತು. ಇಲ್ಲಿ ಅಮೆರಿಕದಲ್ಲಿ ಕಾನೂನಿನ ಕಣ್ಣಲ್ಲಿ ನಂಬರ್ ಇರುವ ಫ್ರೇಮೇ (ಹಿಡಿಕೆಯಿರುವ ಕೆಳಭಾಗ) ಪಿಸ್ತೂಲು, ಬ್ಯಾರೆಲ್ ಬರೀ ಬಿಡಿಭಾಗ. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಶಸ್ತ್ರದ ಲೆಕ್ಕಕ್ಕೇ ಬರುತ್ತೆ, ಮಾರ್ಪಾಡು ಮಾಡುವವರಿಗೆ ಅದಕ್ಕೆಂದೇ ಲೈಸೆನ್ಸ್ ಬೇಕು, 9 ಎಂಎಂ ಅಂತೂ ಸಾಮಾನ್ಯ ಜನರಿಗೆ ನಿಷೇಧ. ಅಮೆರಿಕದಿಂದ ಬರುವ ಅಳಿಯನ ಸೂಟ್‌ಕೇಸಿನಲ್ಲಿ ಬ್ಯಾರೆಲ್ ತರಿಸುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಗ್ಲಾಕ್ 22ರವರು ಕೊನೆಗೆ ಇದಿಷ್ಟು ಮಾಡಿ. 9 ಎಂಎಂ ಮ್ಯಾಗಜೀನಿನ ತಳಕ್ಕೆ ಬಣ್ಣದ ಟೇಪ್ ಅಂಟಿಸಿ. ವಾಪಸ್ .40 ಬ್ಯಾರೆಲ್ ಹಾಕುವ ಮೊದಲು ಟೇಬಲ್ ಮೇಲಿರುವ ಪ್ರತಿಯೊಂದು 9 ಎಂಎಂ ಕಾರ್ಟ್ರಿಜ್ಜನ್ನೂ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿ.