34 ವರ್ಷ ಡಬ್ಬದಲ್ಲೇ ಉಳಿದ ಸೈನಿಕರ ಅಳು

ಒಬ್ಬ ಕಪ್ಪು ವರ್ಣೀಯ ಸೈನಿಕ ವೈದ್ಯರ ಎದುರು ಕೂತಿದ್ದಾನೆ. ಫೋಟೋ ಒಂದರ ಬಗ್ಗೆ ಹೇಳಲು ಶುರು ಮಾಡುತ್ತಾನೆ. ಅದು ಅವನ ಹುಡುಗಿಯ ಫೋಟೋ. ನಾಲ್ಕು ಮಾತು ಆಡುವಷ್ಟರಲ್ಲಿ ಗಂಟಲು ಕಟ್ಟುತ್ತದೆ. ಅಳು ತಡೆಯಲು ಆಗುವುದಿಲ್ಲ.

ಇದು ನಟನೆ ಅಲ್ಲ. 1945ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ, ಸೇನೆಯ ಮೇಸನ್ ಜನರಲ್ ಆಸ್ಪತ್ರೆಯಲ್ಲಿ ತೆಗೆದ ನಿಜವಾದ ದೃಶ್ಯ. ಚಿತ್ರದ ಹೆಸರು 'ಲೆಟ್ ದೇರ್ ಬಿ ಲೈಟ್', ಅಂದರೆ 'ಬೆಳಕಾಗಲಿ'. ನಿರ್ದೇಶಿಸಿದವರು ಜಾನ್ ಹ್ಯೂಸ್ಟನ್. ಹಣ ಕೊಟ್ಟು ಮಾಡಿಸಿದ್ದು ಅಮೆರಿಕದ ಸೇನೆ. ಬೀಗ ಹಾಕಿದ್ದೂ ಅದೇ ಸೇನೆ. ಸಾಮಾನ್ಯ ಜನ ಅದನ್ನು ನೋಡಲು 34 ವರ್ಷ ಕಾಯಬೇಕಾಯಿತು.

ಅಮೆರಿಕದ ಯುದ್ಧ ಸಿನಿಮಾ ಅಂದ ಕೂಡಲೇ ನಮಗೆ ವಿಮಾನ, ಟ್ಯಾಂಕ್, ಬಾವುಟ ನೆನಪಾಗುತ್ತವೆ. ಆ ಸಿನಿಮಾಗಳ ಹಿಂದೆ ಒಂದು ಹಳೆಯ ಜಗಳವೂ ಇದೆ. ಯುದ್ಧದಿಂದ ವಾಪಸ್ ಬಂದವನ ಮನಸ್ಸಿಗೆ ಏನಾಗಿದೆ ಅಂತ ತೆರೆಯ ಮೇಲೆ ತೋರಿಸಬಹುದೇ, ಬೇಡವೇ ಅನ್ನುವ ಜಗಳ.

ಈ ನೋವಿಗೆ ಹೆಸರು ಹುಡುಕುವುದೇ ಕಷ್ಟವಾಗಿತ್ತು. ಮೊದಲ ಮಹಾಯುದ್ಧದಲ್ಲಿ, 1915ರ ಹೊತ್ತಿಗೆ, 'ಶೆಲ್ ಶಾಕ್', ಅಂದರೆ ಫಿರಂಗಿ ಗುಂಡು ಸಿಡಿದ ಆಘಾತ ಅಂದರು. ಎರಡನೇ ಮಹಾಯುದ್ಧದಲ್ಲಿ 'ಯುದ್ಧದ ದಣಿವು' ಅಂದರು. ಆದರೆ ಮೈ ಮೇಲೆ ಗಾಯವಿಲ್ಲದವನು ಆಸ್ಪತ್ರೆಯಲ್ಲಿ ಮಲಗಿದ್ದರೆ ಅವನು ಪುಕ್ಕಲ ಅನ್ನುವವರು ಜಾಸ್ತಿ ಇದ್ದರು. 1943ರ ಆಗಸ್ಟ್‌ನಲ್ಲಿ, ಸಿಸಿಲಿಯ ಸೇನಾ ಆಸ್ಪತ್ರೆಗಳಲ್ಲಿ ಜನರಲ್ ಪ್ಯಾಟನ್ ಇಂಥ ಇಬ್ಬರು ಸೈನಿಕರ ಮೇಲೆ ಕೈ ಮಾಡಿದರು. ಅವರಲ್ಲಿ ಒಬ್ಬನಿಗೆ ಮಲೇರಿಯಾ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಮೇಲಧಿಕಾರಿ ಜನರಲ್ ಐಸೆನ್‌ಹೋವರ್ ಗದರಿಸಿದ ಮೇಲೆ ಪ್ಯಾಟನ್ ಕ್ಷಮೆ ಕೇಳಬೇಕಾಯಿತು.

ಹ್ಯೂಸ್ಟನ್ ಆಗ ಸೇನೆಯ ಸಂಪರ್ಕ, ಚಿತ್ರೀಕರಣ ನೋಡಿಕೊಳ್ಳುವ ಸಿಗ್ನಲ್ ಕೋರ್ ವಿಭಾಗದಲ್ಲಿದ್ದರು. ಹಾಲಿವುಡ್‌ನಲ್ಲಿ ಆಗಲೇ ಹೆಸರು ಮಾಡಿದ್ದ ಫ್ರಾಂಕ್ ಕಾಪ್ರಾ, ವಿಲಿಯಂ ವೈಲರ್, ಜಾರ್ಜ್ ಸ್ಟೀವನ್ಸ್ ಕೂಡ ಸಮವಸ್ತ್ರ ತೊಟ್ಟು ಸಿನಿಮಾ ಮಾಡುತ್ತಿದ್ದ ಕಾಲ ಅದು. ಇಟಲಿಯ ಸ್ಯಾನ್ ಪಿಯೆಟ್ರೊ ಹಳ್ಳಿಗಾಗಿ ನಡೆದ ಹೋರಾಟದ ಬಗ್ಗೆ ಹ್ಯೂಸ್ಟನ್ ಒಂದು ಚಿತ್ರ ಮಾಡಿದರು. ಅದರಲ್ಲಿ ಎಷ್ಟೋ ಕಾಳಗದ ದೃಶ್ಯಗಳನ್ನು ಆಮೇಲೆ ಮತ್ತೆ ಮಾಡಿಸಿ ತೆಗೆದಿದ್ದರು. ಆದರೆ ಚೀಲದಲ್ಲಿ ಸುತ್ತಿಟ್ಟ ಅಮೆರಿಕನ್ ಸೈನಿಕರ ಹೆಣಗಳು ನಿಜವಾಗಿದ್ದವು. ಅಧಿಕಾರಿಗಳಿಗೆ ಅದು ಯುದ್ಧವಿರೋಧಿ ಸಿನಿಮಾ ಅನ್ನಿಸಿತು. ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಮಾತ್ರ, ತರಬೇತಿಯಲ್ಲಿರುವ ಹುಡುಗರು ಇದನ್ನು ನೋಡಲೇಬೇಕು ಅಂದರು. ಹಾಗಾಗಿ ಅದು ಕತ್ತರಿ ಹಾಕಿಸಿಕೊಂಡಾದರೂ ಹೊರಬಂತು.

ಮುಂದಿನ ಚಿತ್ರಕ್ಕೆ ಆ ಅದೃಷ್ಟ ಇರಲಿಲ್ಲ. ಸೇನೆಗೆ ಬೇಕಾಗಿದ್ದು ಸರಳವಾದ ಒಂದು ಸಿನಿಮಾ. ಮನಸ್ಸಿಗೆ ಪೆಟ್ಟು ಬಿದ್ದು ಮರಳಿದ ಸೈನಿಕರು ಹುಚ್ಚರಲ್ಲ, ಅವರಿಗೆ ಕೆಲಸ ಕೊಡಿ ಅಂತ ಊರಿನ ಜನಕ್ಕೆ, ಕಂಪನಿ ಮಾಲೀಕರಿಗೆ ಹೇಳಬೇಕಿತ್ತು. ಯುದ್ಧದಲ್ಲಿ ಗಾಯಗೊಂಡವರಲ್ಲಿ ಸುಮಾರು 20 ಶೇಕಡಾ ಮಂದಿಯದ್ದು ಮನಸ್ಸಿನ ಗಾಯ ಅಂತ ಚಿತ್ರದ ಆರಂಭದಲ್ಲೇ ಹೇಳುತ್ತಾರೆ. ಹ್ಯೂಸ್ಟನ್ ಆಸ್ಪತ್ರೆಗೆ ಹೋಗಿ, ಕೋಣೆಗಳಲ್ಲಿ ಕ್ಯಾಮೆರಾ ಇಟ್ಟು, ಹೊಸದಾಗಿ ಬಂದ ಸೈನಿಕರು ವೈದ್ಯರ ಜೊತೆ ಆಡಿದ ಮಾತನ್ನೆಲ್ಲ ಹಿಡಿದರು. ನಡೆಯಲಾಗದವನಿಗೆ ಔಷಧಿ ಚುಚ್ಚಿ ಮಾತಾಡಿಸುತ್ತಾರೆ, ಅವನು ಎದ್ದು ನಡೆಯುತ್ತಾನೆ. ಮಾತು ತೊದಲುವವನೊಬ್ಬ, ನನಗೆ ಮಾತು ಬರ್ತಾ ಇದೆ, ಕೇಳಿ, ಅಂತ ಕೂಗಿಕೊಳ್ಳುತ್ತಾನೆ. ಎಲ್ಲಕ್ಕೂ ನಿರೂಪಣೆ ಹ್ಯೂಸ್ಟನ್ ಅವರ ಅಪ್ಪ ವಾಲ್ಟರ್ ಹ್ಯೂಸ್ಟನ್ ಅವರದು.

ಚಿತ್ರದಲ್ಲಿ ಬಿಳಿಯರು, ಕರಿಯರು ಒಟ್ಟಿಗೇ ಕೂರುತ್ತಾರೆ, ಒಟ್ಟಿಗೇ ಚಿಕಿತ್ಸೆ ಪಡೆಯುತ್ತಾರೆ. ಸೇನೆಯಲ್ಲಿ ವರ್ಣಭೇದ ಕೊನೆಗಾಣಿಸುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರಲ್ಲಿ. ಅದಕ್ಕೂ ಮುಂಚಿನ ಮಾತು ಇದು.

1946ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪ್ರದರ್ಶನ ಗೊತ್ತಾಗಿತ್ತು. ಇನ್ನೇನು ಶುರುವಾಗಬೇಕು ಅನ್ನುವಾಗ ಸೇನಾ ಪೊಲೀಸರು ಬಂದು ಪ್ರಿಂಟ್ ಎತ್ತಿಕೊಂಡು ಹೋದರು. ಸೈನಿಕರ ಖಾಸಗಿತನ ಕಾಪಾಡಬೇಕು ಅನ್ನುವುದು ಸೇನೆ ಕೊಟ್ಟ ಕಾರಣ. ಹ್ಯೂಸ್ಟನ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಯುದ್ಧಕ್ಕೆ ಹೋದವರೆಲ್ಲ ಇನ್ನಷ್ಟು ಗಟ್ಟಿಯಾಗಿ ಬರುತ್ತಾರೆ ಅನ್ನುವ ವೀರರ ಕಥೆಯನ್ನು ಉಳಿಸಿಕೊಳ್ಳಬೇಕಿತ್ತು, ಅಷ್ಟೇ ಅಂತ ತಮ್ಮ ಆತ್ಮಕಥೆಯಲ್ಲಿ ಬರೆದರು. ನನಗೂ ಹಾಗೇ ಅನ್ನಿಸುತ್ತದೆ. ಖಾಸಗಿತನ ಸಣ್ಣ ವಿಷಯ ಅಲ್ಲ, ನಿಜ. ಆದರೆ ಮುಂದೆ ಸೇನೆ ಮಾಡಿದ್ದನ್ನು ನೋಡಿದರೆ ಅದೊಂದೇ ಕಾರಣ ಅಂತ ನಂಬುವುದು ಕಷ್ಟ. 1948ರಲ್ಲಿ ಅದೇ ವಿಷಯವನ್ನು ನಟರಿಂದ ಮತ್ತೆ ಮಾಡಿಸಿ 'ಶೇಡ್ಸ್ ಆಫ್ ಗ್ರೇ' ಅಂತ ಹೊಸ ಚಿತ್ರ ತಂದರು. ಅದರಲ್ಲಿ ಕಪ್ಪು ಸೈನಿಕರು ಮಾಯವಾಗಿದ್ದರು. ಕಾಯಿಲೆಗೆ ಕಾರಣವನ್ನು ಯುದ್ಧಕ್ಕಿಂತ ಹೆಚ್ಚಾಗಿ ಸೈನಿಕನ ಹಿಂದಿನ ಬಾಳಿನಲ್ಲಿ ಹುಡುಕಿದ್ದರು. ಮುಖ ಮರೆಸುವುದು ಒಂದು, ಕಾರಣವನ್ನೇ ಬದಲಿಸುವುದು ಇನ್ನೊಂದು, ಅಲ್ವಾ?

ಬೇಸರವಾಗುವುದು ಏಕೆಂದರೆ, ಜನ ನೋಡಲು ತಯಾರಿದ್ದರು. ಅದೇ 1946ರಲ್ಲಿ ವೈಲರ್ ಅವರ 'ದ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಬಂತು. ಯುದ್ಧ ಮುಗಿಸಿ ಒಂದೇ ಊರಿಗೆ ಮರಳುವ ಮೂವರ ಕಥೆ. ಅವರಲ್ಲಿ ಒಬ್ಬನ ಪಾತ್ರ ಮಾಡಿದ್ದು ಹ್ಯಾರಲ್ಡ್ ರಸೆಲ್. ವೃತ್ತಿಯ ನಟ ಅಲ್ಲ. 1944ರಲ್ಲಿ ತರಬೇತಿಯ ವೇಳೆ ಸ್ಫೋಟದಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಸೈನಿಕ. ಲೋಹದ ಕೊಕ್ಕೆಗಳೇ ಅವರ ಕೈ. ವೈಲರ್ ಕೂಡ ಯುದ್ಧದಲ್ಲಿ ವಿಮಾನದಿಂದ ಚಿತ್ರೀಕರಣ ಮಾಡುತ್ತಾ ಒಂದು ಕಿವಿ ಕೇಳಿಸದಂತಾದವರು. ಮನಸ್ಸಿನ ಗಾಯ ಈ ಚಿತ್ರದಲ್ಲೂ ಇದೆ. ಬಾಂಬರ್ ವಿಮಾನದಲ್ಲಿದ್ದ ಫ್ರೆಡ್ ನಿದ್ದೆಯಲ್ಲಿ ಬೆಚ್ಚಿಬೀಳುತ್ತಾನೆ. ಕೊನೆಗೆ ಗುಜರಿಗೆ ಹಾಕಿದ ವಿಮಾನವೊಂದನ್ನು ಹತ್ತಿ, ತನ್ನ ಹಳೆಯ ಜಾಗದಲ್ಲಿ ಕೂರುತ್ತಾನೆ. ಸುತ್ತ ಇಂಜಿನ್ ಇಲ್ಲದ ನೂರಾರು ವಿಮಾನಗಳು. ನನಗೆ ಗೊತ್ತಿರುವ ಯುದ್ಧ ಸಿನಿಮಾಗಳಲ್ಲಿ ಅದಕ್ಕಿಂತ ಒಂಟಿಯಾದ ದೃಶ್ಯ ಇನ್ನೊಂದಿಲ್ಲ. ರಸೆಲ್‌ಗೆ ಅದೇ ಪಾತ್ರಕ್ಕೆ ಎರಡು ಆಸ್ಕರ್ ಬಂದವು.

ಕಥೆಯ ರೂಪದಲ್ಲಿ ಆದರೆ ಪರವಾಗಿಲ್ಲ ಅನ್ನುವ ಹಾಗಿತ್ತು. 1949ರ 'ಟ್ವೆಲ್ವ್ ಓಕ್ಲಾಕ್ ಹೈ' ಚಿತ್ರದಲ್ಲಿ ಗ್ರೆಗರಿ ಪೆಕ್ ಮಾಡಿದ ಜನರಲ್ ಒಂದು ದಿನ ವಿಮಾನ ಹತ್ತಲಾಗದೆ ಕುಸಿಯುತ್ತಾನೆ. ಅದನ್ನು ನಾಯಕತ್ವದ ಪಾಠಕ್ಕೆ ವಾಯುಪಡೆಯೇ ಬಳಸಿತು.

ವಿಯೆಟ್ನಾಂ ಯುದ್ಧದ ನಂತರ ಮಾತು ಬದಲಾಯಿತು. ಅದಕ್ಕೆ ಕಾರಣ ಸಿನಿಮಾದವರಿಗಿಂತ ಮೊದಲು ಸೈನಿಕರೇ. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಯುದ್ಧ ವಿರೋಧಿಸುತ್ತಿದ್ದ ಮಾಜಿ ಸೈನಿಕರು ಒಂದು ಕೋಣೆಯಲ್ಲಿ ಸುತ್ತ ಕೂತು ಮಾತಾಡಲು ಶುರು ಮಾಡಿದರು. ರಾಬರ್ಟ್ ಜೇ ಲಿಫ್ಟನ್, ಖಾಯಿಂ ಶಾಟನ್ ಎಂಬ ಮನೋವೈದ್ಯರು ಅವರ ಜೊತೆ ಕೂತರು. 1978ರಲ್ಲಿ ವಿಯೆಟ್ನಾಂನಿಂದ ಮರಳಿದ ಸೈನಿಕರ ಕಥೆ ಹೇಳುವ 'ಕಮಿಂಗ್ ಹೋಮ್', 'ದ ಡೀರ್ ಹಂಟರ್' ಎರಡೂ ತೆರೆಗೆ ಬಂದವು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಈ ಕಾಯಿಲೆಯನ್ನು ಅಧಿಕೃತವಾಗಿ ಸೇರಿಸಿತು. ಇವತ್ತು ಎಲ್ಲರೂ ಹೇಳುವ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ, ಅನ್ನುವ ಹೆಸರು ಬಂದದ್ದು ಹೀಗೆ.

ಅದೇ 1980ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ ಚಿತ್ರದ ಬೀಗವೂ ತೆರೆಯಿತು. ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್, ಚಿತ್ರೋದ್ಯಮದ ಜಾಕ್ ವ್ಯಾಲೆಂಟಿ ಮುಂತಾದವರು ಕೇಳಿಕೊಂಡ ಮೇಲೆ ಸೇನಾ ಕಾರ್ಯದರ್ಶಿ ಕ್ಲಿಫರ್ಡ್ ಅಲೆಗ್ಸಾಂಡರ್ ಅನುಮತಿ ಕೊಟ್ಟರು. ಮರುವರ್ಷ ಕಾನ್ ಚಿತ್ರೋತ್ಸವದಲ್ಲೂ ತೋರಿಸಿದರು. ನಡುವಿನ ಆ 34 ವರ್ಷಗಳಲ್ಲಿ ಕೊರಿಯಾ ಯುದ್ಧ ನಡೆಯಿತು, ವಿಯೆಟ್ನಾಂ ಯುದ್ಧ ನಡೆಯಿತು. ರಾತ್ರಿ ಕಿರುಚಿ ಏಳುವ ಗಂಡನನ್ನು, ಊಟದ ಮೇಜಿನಲ್ಲಿ ಮಾತೇ ಆಡದ ಮಗನನ್ನು ನೋಡುತ್ತಾ ಕೂತ ಮನೆಗಳೆಷ್ಟೋ. ಇದು ನಮ್ಮ ಮನೆಯಲ್ಲಿ ಮಾತ್ರ ಅಲ್ಲ ಅಂತ ಅವರಿಗೆ ತೋರಿಸಬಹುದಾಗಿದ್ದ ಚಿತ್ರ ಡಬ್ಬದಲ್ಲೇ ಇತ್ತು.

ಚಿತ್ರಕ್ಕೆ ಕೊರತೆ ಇಲ್ಲ ಅಂತಲ್ಲ. ಕೆಲವೇ ವಾರಗಳಲ್ಲಿ ಹೆಚ್ಚು ಕಡಿಮೆ ಎಲ್ಲರೂ ಗುಣವಾಗಿ, ಬೇಸ್‌ಬಾಲ್ ಆಡಿ, ಬಸ್ ಹತ್ತಿ ಮನೆಗೆ ಹೊರಡುತ್ತಾರೆ. ಮನಸ್ಸಿನ ಗಾಯ ಅಷ್ಟು ಬೇಗ ಮಾಯುವುದಿಲ್ಲ ಅನ್ನುವುದನ್ನು 2008ರ 'ದ ಹರ್ಟ್ ಲಾಕರ್' ಹೆಚ್ಚು ಚೆನ್ನಾಗಿ ಹೇಳುತ್ತದೆ. ಇರಾಕ್‌ನಲ್ಲಿ ಬಾಂಬ್ ನಿಷ್ಕ್ರಿಯ ಮಾಡುತ್ತಿದ್ದ ಆ ಸೈನಿಕ ಮನೆಗೆ ಬಂದು, ಸೂಪರ್‌ಮಾರ್ಕೆಟ್‌ನಲ್ಲಿ ತಿಂಡಿ ಡಬ್ಬಗಳ ಸಾಲಿನ ಮುಂದೆ ಏನು ತಗೋಬೇಕು ಅಂತ ತಿಳಿಯದೆ ನಿಂತುಬಿಡುತ್ತಾನೆ. ಆ ಒಂದು ಗಳಿಗೆಯಲ್ಲಿ ಎಲ್ಲ ಇದೆ. ಆದರೆ ಅವನು ನಟ. ಹ್ಯೂಸ್ಟನ್ ಚಿತ್ರದಲ್ಲಿರುವವರು ನಿಜವಾದ ಹುಡುಗರು.

ಈಗ ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಒಂದು ಗಂಟೆಯೂ ಇಲ್ಲ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರ ದಾಖಲೆಗೆ ಸೇರಿತು, 2012ರಲ್ಲಿ ಹೊಸದಾಗಿ ಸರಿಪಡಿಸಿದರು. ಹಳೆಯ ಪ್ರಿಂಟ್‌ಗಳಲ್ಲಿ ಧ್ವನಿ ಎಷ್ಟು ಮಂಕಾಗಿತ್ತು ಅಂದರೆ, ತಡವರಿಸಿ ಮಾತಾಡುವ ಹುಡುಗರ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಸರಿಪಡಿಸಿದ ಪ್ರತಿಯಲ್ಲಿ ಅವರ ಪಿಸುಮಾತೂ ಕೇಳುತ್ತದೆ.