ಒಂದೇ ಮೆಟ್ರೋ ಕಾರ್ಡಿನಲ್ಲಿ ನಾಲ್ಕು ಜನ ಹೋಗಬಹುದಾ?

ಪ್ರಶ್ನೆ: ಮುಂದಿನ ವಾರ ಅಪ್ಪನನ್ನು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಾಸನದಿಂದ ಬಸ್ಸಿನಲ್ಲಿ ಹೋಗಿ, ಊರು ಸಿಕ್ಕಿದ ತಕ್ಷಣ ಇಳಿದು ಮೆಟ್ರೋ ಹತ್ತಿದರೆ ಬೇಗ ಅಂತ ಎಲ್ಲರೂ ಹೇಳುತ್ತಾರೆ. ಅಪ್ಪ, ಅಮ್ಮ, ನಾನು, ನಮ್ಮ ಮನೆಯವರು, ಒಟ್ಟು ನಾಲ್ಕು ಜನ. ತಂಗಿ ಮಗ ಅವನ ಮೆಟ್ರೋ ಕಾರ್ಡ್ ಕೊಟ್ಟಿದ್ದಾನೆ, 300 ರೂಪಾಯಿ ಇದೆಯಂತೆ. ಅದೊಂದನ್ನೇ ತೋರಿಸಿ ನಾಲ್ವರೂ ಹೋಗಬಹುದಾ?
ಸಾಲಗಾಮೆ ರಸ್ತೆಯ ಓದುಗರು, ಹಾಸನ

ಉತ್ತರ: ಆಗುವುದಿಲ್ಲ. ಒಂದು ಕಾರ್ಡಿಗೆ ಒಂದು ಸಲಕ್ಕೆ ಒಬ್ಬರು ಮಾತ್ರ. ಅದರಲ್ಲಿ 300 ಇರಲಿ, 3000 ಇರಲಿ, ಎರಡನೆಯವರಿಗೆ ಗೇಟು ತೆರೆಯುವುದಿಲ್ಲ. ಆದರೆ ಚಿಂತೆ ಬೇಡ, ನಾಲ್ವರೂ ಒಟ್ಟಿಗೆ ಹೋಗುವುದಕ್ಕೆ ಸುಲಭದ ದಾರಿ ಇದೆ. ಅದನ್ನು ಹೇಳುವ ಮೊದಲು ಕಾರ್ಡು ಯಾಕೆ ಹೀಗೆ ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಅದು ಗೊತ್ತಾದರೆ ಗೇಟಿನ ಮುಂದೆ ನಿಂತು ಗಾಬರಿಯಾಗುವ ಪ್ರಮೇಯ ಬರುವುದಿಲ್ಲ.

ನಮಗೆಲ್ಲ ಬಸ್ಸಿನ ಅಭ್ಯಾಸ. ಹತ್ತಿ ಕೂತ ಮೇಲೆ ಕಂಡಕ್ಟರ್ ಬರುತ್ತಾರೆ, ಮನೆಯ ಒಬ್ಬರು ಎಲ್ಲರ ಲೆಕ್ಕ ಹೇಳಿ ದುಡ್ಡು ಕೊಡುತ್ತಾರೆ, ಟಿಕೆಟ್ ಅವರ ಜೇಬಿನಲ್ಲಿ ಇರುತ್ತದೆ. ಮೆಟ್ರೋ ರೈಲಿನೊಳಗೆ ಟಿಕೆಟ್ ಕೊಡುವವರೇ ಇಲ್ಲ. ಲೆಕ್ಕವೆಲ್ಲ ನಡೆಯುವುದು ಎರಡು ಗೇಟುಗಳಲ್ಲಿ, ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ. ಒಳಗೆ ಹೋಗುವಾಗ ಕಾರ್ಡು ಮುಟ್ಟಿಸಿದಿರಲ್ಲ, ಆಗ ದುಡ್ಡು ಕಟ್ ಆಗುವುದಿಲ್ಲ. ‘ಈ ಕಾರ್ಡು ಜಾಲಹಳ್ಳಿಯಲ್ಲಿ ಒಳಗೆ ಬಂತು’ ಅಂತ ಅದರಲ್ಲಿ ಬರೆದುಕೊಳ್ಳುತ್ತದೆ, ಅಷ್ಟೆ. ಇಳಿಯುವ ನಿಲ್ದಾಣದಲ್ಲಿ ಮತ್ತೆ ಮುಟ್ಟಿಸಿದಾಗ ಎಷ್ಟು ದೂರ ಬಂದಿರಿ ಅಂತ ನೋಡಿ ಆಗ ದುಡ್ಡು ತೆಗೆದುಕೊಳ್ಳುತ್ತದೆ. ನಡುವಿನ ಹೊತ್ತಿನಲ್ಲಿ ಆ ಕಾರ್ಡು ಒಬ್ಬರ ಪ್ರಯಾಣದಲ್ಲಿ ಇರುತ್ತದೆ. ಅದೇ ಕಾರ್ಡನ್ನು ಇನ್ನೊಬ್ಬರಿಗೆ ಅಂತ ಮುಟ್ಟಿಸಿದರೆ, ಈಗಾಗಲೇ ಒಳಗಿರುವ ಕಾರ್ಡು ಮತ್ತೆ ಒಳಗೆ ಬರುವುದು ಹೇಗೆ ಅಂತ ಗೇಟು ನಿಲ್ಲಿಸಿಬಿಡುತ್ತದೆ.

ಇದು ನನಗೆ ಗೊತ್ತಾದದ್ದು ಅಮ್ಮನ ಜೊತೆ ಹೋಗಿದ್ದ ದಿನ. ಜಾಲಹಳ್ಳಿ ನಿಲ್ದಾಣದಲ್ಲಿ ನನ್ನ ಕಾರ್ಡು ಮುಟ್ಟಿಸಿ ಅಮ್ಮನನ್ನು ಮೊದಲು ಒಳಗೆ ಬಿಟ್ಟೆ. ಆಮೇಲೆ ನನಗೆ ಅಂತ ಮುಟ್ಟಿಸಿದರೆ ಕೆಂಪು ದೀಪ. ಅಮ್ಮ ಆ ಕಡೆ, ನಾನು ಈ ಕಡೆ. ‘ಏನಾಯ್ತು ಮಗಾ’ ಅಂತ ಅವರು ವಾಪಸ್ ಬರಲು ನೋಡಿದರು, ಆ ಗೇಟಿನಲ್ಲಿ ವಾಪಸ್ ಬರಲಾಗುವುದಿಲ್ಲ. ಅಲ್ಲಿದ್ದ ಸಿಬ್ಬಂದಿಯೊಬ್ಬರು ಸಮಾಧಾನವಾಗಿ ಹೇಳಿದರು: ಕಾರ್ಡು ಅಮ್ಮನ ಕೈಗೆ ಕೊಡಿ, ಈಗ ಅದು ಅವರದ್ದು. ನೀವು ಕೌಂಟರಿನಲ್ಲಿ ಒಂದು ಟೋಕನ್, ಅಂದರೆ ಒಂದು ಸಲದ ಟಿಕೆಟ್ ಬಿಲ್ಲೆ, ತಗೊಂಡು ಬನ್ನಿ. ಹಾಗೇ ಮಾಡಿದೆ. ಇಳಿಯುವಾಗ ಅಮ್ಮ ಕಾರ್ಡು ಮುಟ್ಟಿಸಿದರು, ನಾನು ಟೋಕನ್ ಹಾಕಿದೆ, ಇಬ್ಬರೂ ಹೊರಗೆ ಬಂದೆವು. ನಿಮಗೂ ಅಕಸ್ಮಾತ್ ಹಾಗಾದರೆ ಇದೇ ಪರಿಹಾರ. ಯಾರು ಕಾರ್ಡಿನಲ್ಲಿ ಒಳಗೆ ಹೋದರೋ ಅವರೇ ಅದರಲ್ಲಿ ಹೊರಗೆ ಬರಬೇಕು.

ಇನ್ನು ನಾಲ್ಕು ಜನರ ವಿಷಯ. ಎರಡು ದಾರಿ ಇವೆ.

ಒಂದು, ಕೌಂಟರಿನಲ್ಲಿ ನಾಲ್ಕು ಟೋಕನ್. ‘ಜಯದೇವ ಆಸ್ಪತ್ರೆ ನಿಲ್ದಾಣಕ್ಕೆ ನಾಲ್ಕು’ ಅಂತ ಕೇಳಿ, ನಗದು ಅಥವಾ ಯುಪಿಐ ಎರಡೂ ನಡೆಯುತ್ತದೆ. ಕ್ಯಾರಂ ಆಟದ ಪಾನಿನ ಹಾಗಿರುವ ನಾಲ್ಕು ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ. ತಲೆಗೊಂದು. ಒಳಗೆ ಹೋಗುವಾಗ ಗೇಟಿನ ಮೇಲೆ ಮುಟ್ಟಿಸಬೇಕು, ಹೊರಗೆ ಬರುವಾಗ ಅಲ್ಲಿನ ಗೇಟಿನಲ್ಲಿರುವ ಸೀಳಿಗೆ ಹಾಕಬೇಕು. ನಡುವೆ ಕಳೆದುಕೊಂಡರೆ ಗ್ರಾಹಕ ಸೇವಾ ಕೇಂದ್ರಕ್ಕೆ ಹೋಗಿ ಮತ್ತೆ ದುಡ್ಡು ಕಟ್ಟಿಯೇ ಹೊರಬೀಳಬೇಕಾಗುತ್ತದೆ. ವಯಸ್ಸಾದವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಬಸ್ ಟಿಕೆಟಿನ ಹಾಗೆ ಬಿಸಾಡಬಾರದು, ಕಡೆವರೆಗೂ ಬೇಕು ಅಂತ. ನಮ್ಮ ಅಮ್ಮ ವಾಪಸ್ ಬರುವಾಗ ಟೋಕನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಗೇಟಿನ ಹತ್ತಿರ ಆ ಗಂಟು ಬಿಚ್ಚಲು ಅರ್ಧ ನಿಮಿಷ ಹಿಡಿಯಿತು, ಹಿಂದೆ ನಿಂತವರು ಪಕ್ಕದ ಗೇಟಿಗೆ ಹೋದರು. ಆದರೆ ಟೋಕನ್ ಭದ್ರವಾಗಿತ್ತು. ನನಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೂ ಸಿಕ್ಕಿಲ್ಲ.

ಎರಡು, ಮೊಬೈಲಿನಲ್ಲಿ ಗುಂಪು ಟಿಕೆಟ್. ನಮ್ಮ ಮೆಟ್ರೋ 2022ರ ನವೆಂಬರ್ 1ರಿಂದ ಮೊಬೈಲ್ ಕ್ಯೂಆರ್ ಟಿಕೆಟ್ ಕೊಡುತ್ತಿದೆ. 2023ರ ನವೆಂಬರಿನಿಂದ ಒಂದೇ ಕ್ಯೂಆರ್‌ನಲ್ಲಿ ಆರು ಜನರವರೆಗೆ ಟಿಕೆಟ್ ಮಾಡಿಸಬಹುದು. ನಮ್ಮ ಮೆಟ್ರೋ ಆ್ಯಪ್ ಇದ್ದರೆ ಅದರಲ್ಲಿ ಮಾಡಿ. ಇಲ್ಲದಿದ್ದರೆ 81055 56677 ನಂಬರನ್ನು ಸೇವ್ ಮಾಡಿಕೊಂಡು ವಾಟ್ಸ್ಆ್ಯಪ್‌ನಲ್ಲಿ ‘ಹಾಯ್’ ಅಂತ ಕಳಿಸಿ. ಕನ್ನಡದಲ್ಲೇ ಕೇಳುತ್ತದೆ, ಎಲ್ಲಿಂದ, ಎಲ್ಲಿಗೆ, ಎಷ್ಟು ಜನ ಅಂತ. ಇದನ್ನು ಬಸ್ಸು ನೆಲಮಂಗಲ ದಾಟುವ ಹೊತ್ತಿಗೆ ಕೂತಲ್ಲೇ ಮಾಡಿಕೊಳ್ಳಬಹುದು, ಕೌಂಟರಿನ ಸಾಲು ತಪ್ಪುತ್ತದೆ.

ಗುಂಪು ಟಿಕೆಟಿನಲ್ಲೂ ಗೇಟು ಒಬ್ಬೊಬ್ಬರನ್ನೇ ಬಿಡುವುದು. ಅದೇ ಕ್ಯೂಆರನ್ನು ನಾಲ್ಕು ಸಲ ತೋರಿಸಬೇಕು, ಇಳಿಯುವಲ್ಲೂ ನಾಲ್ಕು ಸಲ. ಹಾಗಾಗಿ ಮೊಬೈಲು ಯಾರ ಕೈಯಲ್ಲಿದೆಯೋ ಅವರು ಕೊನೆಯಲ್ಲಿ ಹೋಗಿ. ಮೊದಲು ಅಪ್ಪ, ಆಮೇಲೆ ಅಮ್ಮ, ಆಮೇಲೆ ನಿಮ್ಮ ಮನೆಯವರು, ಕೊನೆಗೆ ನೀವು. ಅವಸರದಲ್ಲಿ ಮೊಬೈಲಿನವರೇ ಮುಂದೆ ನುಗ್ಗಿದರೆ ಉಳಿದ ಮೂವರು ಹೊರಗೆ ನಿಂತಿರುತ್ತಾರೆ. ಮೊಬೈಲಿನಲ್ಲಿ ಚಾರ್ಜ್ ಇರಲಿ. ಹೊರಗೆ ಬರುವವರೆಗೂ ಟಿಕೆಟ್ ಅದರೊಳಗೇ ಇದೆ ಅನ್ನುವುದು ಮರೆಯಬೇಡಿ.

ತಂಗಿ ಮಗನ ಕಾರ್ಡು? ಬೇಕಾದರೆ ನಾಲ್ವರಲ್ಲಿ ಒಬ್ಬರು ಅದನ್ನು ಬಳಸಿ, ಉಳಿದ ಮೂವರು ಟೋಕನ್ ತಗೊಳ್ಳಿ. ಅದರಲ್ಲಿ ಟಿಕೆಟಿನ ಮೇಲೆ 5 ಪರ್ಸೆಂಟ್ ಉಳಿಯುತ್ತದೆ, ಜನಸಂದಣಿ ಇಲ್ಲದ ಹೊತ್ತಿನಲ್ಲಿ 10. ಒಂದು ಮಾತು ನೆನಪಿರಲಿ, ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇಲ್ಲದಿದ್ದರೆ ಒಳಗೆ ಹೋಗುವ ಗೇಟೇ ತೆರೆಯುವುದಿಲ್ಲ, ನೀವು ಹೋಗುವುದು ಪಕ್ಕದ ನಿಲ್ದಾಣಕ್ಕೇ ಆದರೂ. ನಿಮಗಾಗಿ ಹೊಸ ಕಾರ್ಡು ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಕಾರ್ಡಿಗೇ 50 ರೂಪಾಯಿ, ಮೂರು ತಿಂಗಳಿಗೊಮ್ಮೆ ಚೆಕಪ್‌ಗೆ ಹೋಗುವವರ ದುಡ್ಡು ಅದರಲ್ಲಿ ಸುಮ್ಮನೆ ಕೂತಿರುತ್ತದೆ. ಅಲ್ಲಿ ಓದುವ, ಕೆಲಸ ಮಾಡುವ ಮಕ್ಕಳಿಗೆ ಅದು ಸರಿ.

ಎಲ್ಲಿ ಹತ್ತುವುದು ಅಂತ ನೀವು ಕೇಳಿಲ್ಲ, ಆದರೆ ಟಿಕೆಟ್ ಮಾಡಿಸುವಾಗ ಹೇಳಬೇಕಾಗುತ್ತದೆ. ಹಾಸನದ ಬಸ್ಸು ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲಕ್ಕೆ ಬರುತ್ತದೆ. ಚಿಕ್ಕಮಗಳೂರಿನವರು ಬೇಲೂರು ಮೇಲೆ ಬಂದರೂ ಕಡೂರು, ತಿಪಟೂರು ಮೇಲೆ ಬಂದರೂ ಕೊನೆಗೆ ಸೇರುವುದು ಅದೇ ತುಮಕೂರು ರಸ್ತೆಗೆ. ಹಸಿರು ಮಾರ್ಗದ ಮೆಟ್ರೋ ಈ ರಸ್ತೆಯ ಉದ್ದಕ್ಕೇ ಇದೆ. ಪೀಣ್ಯದವರೆಗೆ 2014ರಲ್ಲೇ ಬಂದಿತ್ತು, ಆದರೆ ಅಲ್ಲಿಂದ ಸಂಪಿಗೆ ರಸ್ತೆಯವರೆಗೆ ಮಾತ್ರ. 2017ರ ಜೂನ್‌ನಲ್ಲಿ ಮೆಜೆಸ್ಟಿಕ್ ಅಡಿಯ ಸುರಂಗ ತೆರೆದು ಆಚೆ ಜಯನಗರದ ಕಡೆಗೆ ಸೇರಿದ ಮೇಲೆಯೇ ನಮ್ಮ ಕಡೆಯವರಿಗೆ ನಿಜವಾದ ಉಪಯೋಗ ಆದದ್ದು. 2024ರ ನವೆಂಬರ್ 7ರಿಂದ ನೆಲಮಂಗಲಕ್ಕೆ ಇನ್ನೂ ಹತ್ತಿರವಿರುವ ಮಾದಾವರದಿಂದಲೇ ರೈಲು ಶುರುವಾಗುತ್ತದೆ.

ಅಪ್ಪನಿಗೆ ಹೃದಯದ ತೊಂದರೆ ಇರುವುದರಿಂದ ನಾನು ಹೇಳುವುದು ಮಾದಾವರ. ಮೊದಲ ನಿಲ್ದಾಣ, ಖಾಲಿ ರೈಲು ಬಂದು ನಿಲ್ಲುತ್ತದೆ, ಕೂರಲು ಜಾಗ ಸಿಗುತ್ತದೆ. ಜಾಲಹಳ್ಳಿ, ಗೊರಗುಂಟೆಪಾಳ್ಯದ ಹೊತ್ತಿಗೆ ಬೆಳಗಿನ ಕೆಲಸದ ಸಮಯವಾದರೆ ನಿಲ್ಲುವುದೇ ಕಷ್ಟ. ಬಸ್ಸು ಎಲ್ಲಿ ನಿಲ್ಲಿಸುತ್ತಾರೆ ಅಂತ ಹತ್ತುವಾಗಲೇ ಕಂಡಕ್ಟರನ್ನು ಕೇಳಿ. ಕೆಲವು ಬಸ್ಸುಗಳು ನಾಗಸಂದ್ರದ ಹತ್ತಿರ ಮೇಲ್ಸೇತುವೆ ಹತ್ತಿಬಿಟ್ಟರೆ ದಾಸರಹಳ್ಳಿ, ಜಾಲಹಳ್ಳಿ ಎಲ್ಲ ಕೆಳಗೇ ಉಳಿಯುತ್ತವೆ, ಆಮೇಲೆ ಇಳಿಯುವುದು ಗೊರಗುಂಟೆಪಾಳ್ಯದಲ್ಲೇ. ರೈಲಿನಲ್ಲಿ ಹೋಗುವವರು ಯಶವಂತಪುರದಲ್ಲಿ ಇಳಿದರೆ ಮೆಟ್ರೋ ನಿಲ್ದಾಣ ಹತ್ತಿರದಲ್ಲೇ ಇದೆ. ರೈಲ್ವೆ ಟಿಕೆಟ್ ಅಲ್ಲಿ ನಡೆಯುವುದಿಲ್ಲ, ಬೇರೆ ತಗೊಳ್ಳಬೇಕು.

ಮಾದಾವರದಲ್ಲಿ ಹತ್ತಿದರೆ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಇಳಿದು ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. ಇದು 2025ರ ಆಗಸ್ಟ್‌ನಲ್ಲಿ ಶುರುವಾದ ಮಾರ್ಗ, ಬೊಮ್ಮಸಂದ್ರದವರೆಗೆ ಹೋಗುತ್ತದೆ. ಆರ್.ವಿ. ರಸ್ತೆಯಾದ ಮೇಲೆ ರಾಗಿಗುಡ್ಡ, ಅದಾದ ಮೇಲಿನದೇ ಜಯದೇವ ಆಸ್ಪತ್ರೆ. ಮಾರ್ಗ ಬದಲಾಯಿಸುವಾಗ ಹೊರಗೆ ಹೋಗುವ ಗೇಟು ದಾಟಬೇಡಿ. ದಾಟಿದರೆ ಟಿಕೆಟ್ ಅಲ್ಲಿಗೇ ಮುಗಿಯಿತು, ಮುಂದಕ್ಕೆ ಬೇರೆ ಟಿಕೆಟ್ ಬೇಕು. ಹಳದಿ ಬಣ್ಣದ ಫಲಕ ಹಿಡಿದು ಒಳಗಿನಿಂದಲೇ ಹೋಗಿ, ಅದೇ ಟೋಕನ್ ಕೊನೆವರೆಗೂ ನಡೆಯುತ್ತದೆ. ಲಿಫ್ಟ್ ಇದೆ, ಅಪ್ಪನನ್ನು ಮೆಟ್ಟಿಲು ಹತ್ತಿಸಬೇಡಿ. ಜಯದೇವ ನಿಲ್ದಾಣವಂತೂ ಮೇಲ್ಸೇತುವೆಗಿಂತಲೂ ಮೇಲಿದೆ, ಅಲ್ಲೂ ಕೆಳಗಿಳಿಯಲು ಲಿಫ್ಟೇ ಸರಿ.

ಹೆಸರಿನ ಗೊಂದಲ ಒಂದಿದೆ. ಹಸಿರು ಮಾರ್ಗದಲ್ಲಿ ನೀವು ಹತ್ತುವ ರೈಲಿನ ಕೊನೆಯ ನಿಲ್ದಾಣ ರೇಷ್ಮೆ ಸಂಸ್ಥೆ (ಸಿಲ್ಕ್ ಇನ್‌ಸ್ಟಿಟ್ಯೂಟ್), ಕನಕಪುರ ರಸ್ತೆಯ ಕಡೆ. ಹಳದಿ ಮಾರ್ಗದಲ್ಲಿ ಬರುವ ಸೆಂಟ್ರಲ್ ಸಿಲ್ಕ್ ಬೋರ್ಡ್ ಬೇರೆಯೇ ನಿಲ್ದಾಣ, ಜಯದೇವಕ್ಕಿಂತ ಮುಂದಿದೆ. ಎರಡನ್ನೂ ‘ಸಿಲ್ಕ್’ ಅಂತಲೇ ಕೂಗುವುದರಿಂದ ಟಿಕೆಟ್ ಕೇಳುವಾಗ ಪೂರ್ತಿ ಹೆಸರು ಹೇಳಿ. ಮಾಡಿಸಿದ್ದಕ್ಕಿಂತ ಮುಂದಕ್ಕೆ ಹೋಗಿಬಿಟ್ಟರೆ ಗೇಟು ಬಿಡುವುದಿಲ್ಲ. ಪಕ್ಕದ ಗ್ರಾಹಕ ಸೇವಾ ಕೇಂದ್ರದಲ್ಲಿ ಹೆಚ್ಚಿನ ದುಡ್ಡು ಕಟ್ಟಿದರೆ ಸರಿ ಮಾಡಿಕೊಡುತ್ತಾರೆ.

ದರ ದೂರದ ಮೇಲೆ. 2025ರ ಫೆಬ್ರುವರಿಯಲ್ಲಿ ಏರಿಸಿದಾಗ ಕನಿಷ್ಠ 10, ಗರಿಷ್ಠ 90 ರೂಪಾಯಿ ಅಂತ ಆಯಿತು. ತಲೆಗೆ 90ರ ಲೆಕ್ಕದಲ್ಲಿ ಕೈಯಲ್ಲಿ ದುಡ್ಡು ಇಟ್ಟುಕೊಂಡರೆ ಕಡಿಮೆ ಬೀಳುವುದಿಲ್ಲ.

ಇಲ್ಲಿ ಅಮ್ಮಂದಿರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಅಮ್ಮ ಮೆಟ್ರೋ ಕೌಂಟರಿನ ಮುಂದೆ ಪರ್ಸಿನಿಂದ ಆಧಾರ್ ಕಾರ್ಡ್ ತೆಗೆದು ಚಾಚಿದರು, ಹಾಸನದಿಂದ ಅದನ್ನೇ ತೋರಿಸಿ ಬಂದಿದ್ದರಲ್ಲ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಿಗೆ ಮಾತ್ರ, ಅದರಲ್ಲೂ ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇಲ್ಲ. ಮೆಟ್ರೋದಲ್ಲಿ ಹೆಂಗಸರಿಗೂ ಪೂರ್ತಿ ಚಾರ್ಜು, ವಯಸ್ಸಾದವರಿಗೂ ರಿಯಾಯಿತಿ ಇಲ್ಲ. ಆಸ್ಪತ್ರೆಗೆ ಅಂತ ದೂರದ ಊರುಗಳಿಂದ ಬರುವ ಹಿರಿಯರಿಗಾದರೂ ಏನಾದರೂ ಕಡಿಮೆ ಮಾಡಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ, ಅಷ್ಟೆ.

ಬ್ಯಾಗುಗಳನ್ನು ಸ್ಕ್ಯಾನ್ ಮಾಡುತ್ತಾರೆ. ಊರಿಂದ ಹೋಗುವವರು ನೆಂಟರ ಮನೆಗೆ ಅಂತ ತೆಂಗಿನಕಾಯಿ, ಆಲೂಗೆಡ್ಡೆ ಚೀಲ ಹೊತ್ತುಕೊಂಡು ಹೋಗುವುದು ಇದ್ದದ್ದೇ. ತುಂಬ ದೊಡ್ಡ ಲಗೇಜಿಗೆ 30 ರೂಪಾಯಿ ಬೇರೆ ಕೇಳಬಹುದು. ಆಸ್ಪತ್ರೆಯ ಫೈಲು, ನೀರು, ಮಾತ್ರೆ ಇರುವ ಒಂದು ಬ್ಯಾಗಿನಲ್ಲಿ ಹೋಗಿ.

ವಾಪಸ್ ಬರುವುದಕ್ಕೆ ಬೆಳಿಗ್ಗೆಯೇ ಟೋಕನ್ ತಗೊಂಡು ಇಟ್ಟುಕೊಳ್ಳಬೇಡಿ, ತಗೊಂಡ ನಿಲ್ದಾಣದಲ್ಲಿ ಅದೇ ದಿನ ಮಾತ್ರ ಅದು ನಡೆಯುವುದು. ಜಯದೇವದಲ್ಲೇ ಬೇರೆ ಮಾಡಿಸಿ. ಸಂಜೆ ಗೊರಗುಂಟೆಪಾಳ್ಯ, ಜಾಲಹಳ್ಳಿಯಲ್ಲಿ ಹಾಸನದ ಬಸ್ಸುಗಳು ಆಗಲೇ ತುಂಬಿ ಬಂದಿರುತ್ತವೆ, ಅಪ್ಪನನ್ನು ನಿಲ್ಲಿಸಿಕೊಂಡು ನಾಲ್ಕು ಗಂಟೆ ಕಾಲ ಬರಲಾಗುವುದಿಲ್ಲ. ಹಾಗಾಗಿ ‘ಮೆಜೆಸ್ಟಿಕ್‌ಗೆ ನಾಲ್ಕು’ ಅಂತ ಕೇಳಿ. ಅಲ್ಲಿ ಇಳಿದು ಬಸ್ ನಿಲ್ದಾಣಕ್ಕೆ ನಡೆದರೆ ಹಾಸನದ ಬಸ್ಸು ಹೊರಡುವ ಜಾಗದಲ್ಲೇ ಸೀಟು ಹಿಡಿದು ಕೂರಬಹುದು.